ಪಾಟ್ಸ್‌ಡಾಮ್‌ನ ಚೀನೀ ಮನೆಯಿಂದ ಶುರುವಾಗುವ ತತ್ವಶಾಸ್ತ್ರದ ನಡಿಗೆ: ಖಂಡಿತ ಹೋಗಿ ಬನ್ನಿ

ಬರ್ಲಿನ್ ಸುತ್ತಮುತ್ತ ಇರುವವರಿಗೆ, ಬೇಸಿಗೆಯಲ್ಲಿ ಜರ್ಮನಿಗೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ನಡಿಗೆಗೆ ಹೋಗಿ. ಪಾಟ್ಸ್‌ಡಾಮ್‌ನ ಸಾನ್‌ಸುಸಿ ಅರಮನೆಯ ಉದ್ಯಾನದಲ್ಲಿ ಇಬ್ಬರು ಗೈಡ್‌ಗಳು ಸೇರಿ ನಡೆಸುವ ಮೂರು ಗಂಟೆಯ ಕಾಲ್ನಡಿಗೆ ಇದು. ಯುರೋಪ್ ಚೀನಾವನ್ನು ಹೇಗೆ ಅರ್ಥ ಮಾಡಿಕೊಂಡಿತು, ಎಲ್ಲಿ ಎಡವಿತು, ಇವತ್ತು ಅರ್ಥ ಮಾಡಿಕೊಳ್ಳಬೇಕು ಅಂದರೆ ಅಲ್ಲಿನ ತತ್ವಚಿಂತಕರನ್ನು ಯಾಕೆ ಓದಬೇಕು, ಇದೇ ವಿಷಯ. ತಲೆಗೆ 25 ಯೂರೋ. ಅರಮನೆಯ ಕೋಣೆ, ಕನ್ನಡಿ, ತೂಗುದೀಪ ನೋಡುವ ಆಸೆ ಇದ್ದರೆ ಅದಕ್ಕೆ ಬೇರೆ ಟಿಕೆಟ್ ತಗೊಳ್ಳಿ. ಇಲ್ಲಿ ಕಿವಿಗೆ ಕೆಲಸ ಜಾಸ್ತಿ.

ನಡೆಸುವವರು ಸಣ್ಣ ಮಟ್ಟದಲ್ಲಿ, ಇಬ್ಬರೇ ನಿಭಾಯಿಸುತ್ತಾರೆ. ಒಂದೆರಡು ದೂರುಗಳನ್ನೂ ಬರೆಯುವವನಿದ್ದೇನೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ಒಬ್ಬರು ನಿವೃತ್ತ ಜರ್ಮನ್ ಮೇಷ್ಟ್ರು, ಹೈಸ್ಕೂಲಿನಲ್ಲಿ ಇತಿಹಾಸ ಮತ್ತು ತತ್ವಶಾಸ್ತ್ರ ಹೇಳಿಕೊಟ್ಟವರು. ಇನ್ನೊಬ್ಬಾಕೆ ಚೀನಾದ ಚೆಂಗ್ಡು ಕಡೆಯವರು, ಬರ್ಲಿನ್‌ನಲ್ಲಿ ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾರೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ ಇದೆ, ಆದರೆ ಅಭಿಪ್ರಾಯ ಅರ್ಧಕ್ಕರ್ಧ ಕೂಡುವುದಿಲ್ಲ. ಈ ನಡಿಗೆಯ ಜೀವಾಳವೇ ಅದು.

ಶುರುವಾಗುವುದು ಚೀನೀ ಮನೆಯ ಮುಂದೆ. ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ 1755ರಲ್ಲಿ ಕಟ್ಟಿಸಲು ಶುರು ಮಾಡಿ, ನಡುವೆ ಏಳು ವರ್ಷಗಳ ಯುದ್ಧ ಬಂದು ಕೆಲಸ ನಿಂತು, 1764ರಲ್ಲಿ ಮುಗಿಸಿದ ಸಣ್ಣ ಕಟ್ಟಡ. ವಾಸಕ್ಕಲ್ಲ, ಕೂಟಕ್ಕೆ. ಮೂರೆಸಳಿನ ಆಕಾರ. ತಾಳೆಮರದಂತೆ ಕೆತ್ತಿ ಚಿನ್ನದ ಲೇಪ ಕೊಟ್ಟ ಕಲ್ಲಿನ ಕಂಬಗಳು. ಮೇಲೆ ತುದಿಯಲ್ಲಿ ಛತ್ರಿ ಹಿಡಿದು ಕೂತ ಚಿನ್ನದ ಮ್ಯಾಂಡರಿನ್ ಅಧಿಕಾರಿ. ಕಂಬಗಳ ಬುಡದಲ್ಲಿ ಆಳೆತ್ತರದ ಚಿನ್ನದ ಬೊಂಬೆಗಳು ಗುಂಪಾಗಿ ಕೂತು ಚಹಾ ಕುಡಿಯುತ್ತಿವೆ. ಗೋಡೆಗೆ ಬೆನ್ನು ಕೊಟ್ಟು ನಿಂತವು ವಾದ್ಯ ನುಡಿಸುತ್ತಿವೆ.

ಬಿಸಿಲಿಗೆ ಕಣ್ಣು ಕೋರೈಸುತ್ತದೆ, ಎಲ್ಲರೂ ಫೋಟೋ ತೆಗೆಯುತ್ತಾರೆ. ಆಗ ಆಕೆ ಫೋನ್ ಒಳಗಿಡಿ ಅಂದು, ಒಂದು ಬೊಂಬೆಯ ಮುಖ ಮಾತ್ರ ನೋಡಿ ಅನ್ನುತ್ತಾರೆ. ನೋಡಿದರೆ ಗೊತ್ತಾಗುತ್ತದೆ. ಬಟ್ಟೆ ಎಲ್ಲಿಯದೋ, ಟೋಪಿ ಎಲ್ಲಿಯದೋ, ಮುಖ ಮಾತ್ರ ಇದೇ ಊರಿನದು. ಉಬ್ಬಿದ ಕೆನ್ನೆ, ನೀಳ ಮೂಗು, ಬ್ರಾಂಡೆನ್‌ಬರ್ಗ್ ಸೀಮೆಯ ರೈತನನ್ನು ಕೂರಿಸಿ ಕೆತ್ತಿದ ಹಾಗೆ. ಸ್ಥಳೀಯರನ್ನೇ ಮಾದರಿಯಾಗಿ ಕೂರಿಸಿಕೊಂಡಿದ್ದರು ಅಂತ ಹೇಳುವುದೂ ಉಂಟು. ಬೆಂಕರ್ಟ್, ಹೈಮ್ಯುಲರ್ ಎಂಬ ಶಿಲ್ಪಿಗಳ ಕೈಕೆಲಸ ಅದ್ಭುತ, ಬಟ್ಟೆಯ ಮಡಿಕೆ ಒಂದೊಂದೂ ಬಿಡಿಸಿ ನೋಡಬಹುದು. ಎಲ್ಲರೂ ನೋಡಿ ಮುಗಿಸಿದ ಮೇಲೆ ಆಕೆ ಒಂದೇ ಪ್ರಶ್ನೆ ಕೇಳಿದರು. "ಈತನಿಗೂ ನಿಮಗೂ ಯಾವ ವಿಷಯಕ್ಕೆ ಜಗಳ ಬರಬಹುದು?"

ಯಾರಿಗೂ ಉತ್ತರ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಬೊಂಬೆಗೆ ಒಂದು ಅಭಿಪ್ರಾಯ ಇದೆ ಅಂತಲೇ ನಮಗೆ ಅನ್ನಿಸಿರಲಿಲ್ಲ. ನಡಿಗೆ ಮುಗಿಯುವ ತನಕ ಈ ಪ್ರಶ್ನೆ ನಮ್ಮ ಜೊತೆಗೇ ಬರುತ್ತದೆ. ಯುರೋಪಿಗೆ ಚೀನಾ ಯಾವಾಗ ವಾದ ಮಾಡುವ ಮನುಷ್ಯನಾಗಿ ಕಂಡಿತು, ಯಾವಾಗ ಬರೀ ಬೊಂಬೆಯಾಗಿ ಕಂಡಿತು? ನನಗೆ ಕೇಳಿದರೆ, ಯುರೋಪಿನ ಚೀನಾ ತಿಳಿವಳಿಕೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ಇನ್ನೊಂದು ವಿಷಯ ಮೇಷ್ಟ್ರು ಇಲ್ಲೇ ಹೇಳುತ್ತಾರೆ. ಇದೇ ಫ್ರೆಡರಿಕ್ 1760ರಲ್ಲಿ, ಯುದ್ಧದ ನಡುವೆ, ಒಂದು ಕಿರುಹೊತ್ತಿಗೆ ಬರೆದ. ಅದರಲ್ಲಿ ಚೀನಾದ ಚಕ್ರವರ್ತಿಯ ದೂತನೊಬ್ಬ ಯುರೋಪಿಗೆ ಬಂದು, ಇಲ್ಲಿನ ಪೋಪ್ ಮತ್ತು ಪಾದ್ರಿಗಳನ್ನು ನೋಡಿ ಗಾಬರಿಯಾಗಿ ಊರಿಗೆ ಪತ್ರ ಬರೆಯುತ್ತಾನೆ. ಓದಲು ಚೆನ್ನಾಗಿದೆಯಂತೆ. ಆದರೆ ಆ ದೂತ ಹೇಳುವುದೆಲ್ಲ ಫ್ರೆಡರಿಕ್‌ನ ಮನಸ್ಸಿನಲ್ಲಿದ್ದ ಮಾತೇ. ಬೊಂಬೆಗೆ ಮುಖ ಕೊಟ್ಟ ಹಾಗೆ ದೂತನಿಗೆ ಬಾಯಿಯನ್ನೂ ಇಲ್ಲಿಯವರೇ ಕೊಟ್ಟರು.

ಮುಂದಿನ ನಿಲುಗಡೆ ಮರದ ಕೆಳಗಿನ ಬೆಂಚು. ಇಲ್ಲಿ ಜರ್ಮನ್ ತತ್ವಶಾಸ್ತ್ರಜ್ಞ ಕ್ರಿಸ್ಟಿಯಾನ್ ವೋಲ್ಫ್ ಕಥೆ. ನನಗೆ ಇಡೀ ನಡಿಗೆಯಲ್ಲಿ ತುಂಬಾ ಹಿಡಿಸಿದ್ದು ಇದು.

ವೋಲ್ಫ್ ಹಾಲೆ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. 1721ರ ಜುಲೈ 12ರಂದು, ವಿಶ್ವವಿದ್ಯಾಲಯದ ಅಧಿಕಾರವನ್ನು ಮುಂದಿನವರಿಗೆ ವಹಿಸಿಕೊಡುವ ಸಮಾರಂಭದಲ್ಲಿ, ಚೀನೀಯರ ಆಚಾರ ತತ್ವದ ಬಗ್ಗೆ ಒಂದು ಭಾಷಣ ಮಾಡಿದ. ಹತ್ತು ವರ್ಷ ಮೊದಲು ಪ್ರಾಗ್‌ನಲ್ಲಿ ನೋಯೆಲ್ ಎಂಬ ಪಾದ್ರಿ, ಜೆಸ್ಯೂಟ್ ಅನ್ನುವ ಕ್ಯಾಥೊಲಿಕ್ ಪಂಥದವನು, ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಲ್ಯಾಟಿನ್‌ಗೆ ತಂದಿದ್ದ, ಆ ಪರಂಪರೆಯ ದೊಡ್ಡ ಚಿಂತಕ ಮೆನ್ಸಿಯಸ್ ಕೂಡ ಅದರಲ್ಲಿದ್ದ. ವೋಲ್ಫ್ ಅದನ್ನು ಓದಿ ಹೇಳಿದ್ದು ಇಷ್ಟು. ಚೀನೀಯರಿಗೆ ಬೈಬಲ್ ಗೊತ್ತಿರಲಿಲ್ಲ, ಆದರೂ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಬುದ್ಧಿಯಿಂದಲೇ ಕಂಡುಕೊಂಡರು, ಹಾಗೆ ಬಾಳಿದರು, ರಾಜ್ಯ ಆಳಿದರು. ಅಂದರೆ ನೀತಿಗೆ ದೈವವಾಣಿಯೇ ಬೇಕು ಅಂತೇನಿಲ್ಲ.

ಇವತ್ತು ಕೇಳಿದರೆ ಸಾಧಾರಣ ಮಾತು. ಆಗ ಅಲ್ಲ. ಅಧಿಕಾರ ವಹಿಸಿಕೊಳ್ಳಬೇಕಿದ್ದ ಯೋಆಖಿಮ್ ಲಾಂಗೆ ಸ್ವತಃ ದೇವತಾಶಾಸ್ತ್ರದವನು, ಉರಿದುಬಿದ್ದ. ದೂರು ದೊರೆಯ ತನಕ ಹೋಯಿತು. 1723ರ ನವೆಂಬರ್‌ನಲ್ಲಿ ಫ್ರೆಡರಿಕ್‌ನ ಅಪ್ಪ, ಒಂದನೇ ಫ್ರೆಡರಿಕ್ ವಿಲ್ಹೆಲ್ಮ್, ಆಜ್ಞೆ ಹೊರಡಿಸಿದ. 48 ಗಂಟೆಯೊಳಗೆ ರಾಜ್ಯ ಬಿಡಬೇಕು, ಇಲ್ಲದಿದ್ದರೆ ನೇಣು. ವೋಲ್ಫ್ ಮಾರ್‌ಬುರ್ಗ್‌ಗೆ ಹೋದ. ಮಗ ಫ್ರೆಡರಿಕ್ 1740ರಲ್ಲಿ ಪಟ್ಟಕ್ಕೆ ಬಂದ ಕೂಡಲೇ ಅವನನ್ನು ಮರಳಿ ಹಾಲೆಗೆ ಕರೆಸಿಕೊಂಡ. ವೋಲ್ಫ್‌ನನ್ನು ಕರೆಸಿದವನೂ ಚಿನ್ನದ ಬೊಂಬೆ ಮಾಡಿಸಿದವನೂ ಒಬ್ಬನೇ ದೊರೆ ಅನ್ನುವುದನ್ನು ಮರೆಯಬೇಡಿ. ಎರಡು ಥರದ ಚೀನಾ ಒಬ್ಬನೇ ಮನುಷ್ಯನ ತಲೆಯಲ್ಲಿ ಇತ್ತು.

ವೋಲ್ಫ್ ಓದಿದ್ದಾದರೂ ಏನು ಅಂತ ಆಕೆ ಒಂದು ತುಣುಕು ಹೇಳಿ ತೋರಿಸುತ್ತಾರೆ. ಮೆನ್ಸಿಯಸ್‌ನ ಮಾತು. ಒಂದು ಮಗು ಬಾವಿಯ ಅಂಚಿಗೆ ಅಂಬೆಗಾಲಿಡುತ್ತಾ ಹೋಗುತ್ತಿದೆ ಅಂದುಕೊಳ್ಳಿ. ನೋಡಿದ ಯಾರಿಗೇ ಆಗಲಿ ಎದೆ ಧಸಕ್ಕೆನ್ನುತ್ತದೆ. ಅಪ್ಪ ಅಮ್ಮನ ಸ್ನೇಹ ಬೇಕು ಅಂತ ಅಲ್ಲ, ಊರವರು ಹೊಗಳಲಿ ಅಂತ ಅಲ್ಲ, ಮಗುವಿನ ಅಳು ಕೇಳಲಾಗದು ಅಂತಲೂ ಅಲ್ಲ. ಆ ಧಸಕ್ಕೆನ್ನುವುದೇ ಕರುಣೆಯ ಮೊಳಕೆ ಅಂತ ಅವನ ವಾದ. ಇದನ್ನು ಹೇಳಿ, ಗುಂಪಿನಲ್ಲಿದ್ದವರನ್ನು ಒಪ್ಪುತ್ತೀರಾ ಅಂತ ಕೇಳಿದರು. ಒಬ್ಬ ಡಚ್ ಹೆಂಗಸು ಒಪ್ಪಲಿಲ್ಲ. ಎದೆ ಧಸಕ್ಕೆಂದರೆ ಸಾಲದು, ಓಡಿ ಹೋಗಿ ಎತ್ತಿಕೊಂಡರೆ ಮಾತ್ರ ನೀತಿ ಅಂದರು. ನಮ್ಮ ಚೀನೀ ಗೈಡ್‌ಗೆ ಖುಷಿಯಾಯಿತು. ಮೆನ್ಸಿಯಸ್ ಆದಮೇಲೆ ಬಂದ ಷುನ್‌ಝಿ ಕೂಡ ಹುಟ್ಟುಗುಣವನ್ನು ನಂಬಬೇಡಿ, ಕಲಿಕೆಯೇ ಮುಖ್ಯ ಅಂತ ಹೇಳಿದ, ನೀವು ಅವನ ಕಡೆ ವಾಲುತ್ತಿದ್ದೀರಿ ಅಂದರು. ಅಲ್ಲಿಗೆ ಚೀನಾದೊಳಗಿನ ಒಂದು ಹಳೇ ಜಗಳಕ್ಕೆ ಡಚ್ ಹೆಂಗಸೂ ಸೇರಿಕೊಂಡರು. ಇಂಥ ಕ್ಷಣಕ್ಕೆ ದುಡ್ಡು ಕೊಡಬಹುದು, ಅಲ್ವಾ?

ಮೇಷ್ಟ್ರಿಗೆ ಜರ್ಮನ್ ತತ್ವಶಾಸ್ತ್ರಜ್ಞ, ಗಣಿತಜ್ಞ ಲೈಬ್ನಿಟ್ಸ್ ಅಂದರೆ ಪ್ರಾಣ. ಬರ್ಲಿನ್ ವಿಜ್ಞಾನ ಅಕಾಡೆಮಿ 1700ರಲ್ಲಿ ಶುರುವಾದಾಗ ಅದರ ಮೊದಲ ಅಧ್ಯಕ್ಷ ಅವನೇ. ಅದಕ್ಕೂ ಮುಂಚೆ 1697ರಲ್ಲಿ ಚೀನಾದ ಬಗ್ಗೆ ಪುಸ್ತಕ ತಂದು ಅದರ ಮುನ್ನುಡಿಯಲ್ಲಿ ಒಂದು ದಿಟ್ಟ ಸಲಹೆ ಕೊಟ್ಟ. ಗಣಿತ, ತರ್ಕ, ಯುದ್ಧವಿದ್ಯೆಯಲ್ಲಿ ನಾವು ಮುಂದೆ ಇರಬಹುದು, ಬಾಳುವೆಯ ನೀತಿಯಲ್ಲಿ ಅವರು ಮುಂದೆ, ಆದ್ದರಿಂದ ನಾವು ಪಾದ್ರಿಗಳನ್ನು ಕಳಿಸುವ ಹಾಗೆ ಅವರೂ ನಮಗೆ ಕಲಿಸಲು ಜನರನ್ನು ಕಳಿಸಲಿ. ಮೇಷ್ಟ್ರು ಇದನ್ನು ಹೇಳುವಾಗ ಧ್ವನಿ ಏರುತ್ತದೆ. ಇವತ್ತಿನ ಯಾವ ಯುರೋಪಿಯನ್ ಮಂತ್ರಿ ಈ ಮಾತು ಹೇಳಿಯಾನು ಅಂತ ಕೇಳುತ್ತಾರೆ.

ಆಕೆ ಅಲ್ಲಿಗೇ ಬಿಡುವುದಿಲ್ಲ. ಲೈಬ್ನಿಟ್ಸ್ ಹೊಗಳಿದ ಕಾಂಗ್ಸಿ ಚಕ್ರವರ್ತಿಯ ಕಾಲದಲ್ಲೇ, 1713ರಲ್ಲಿ, ದಾಯ್ ಮಿಂಗ್‌ಶಿ ಎಂಬ ವಿದ್ವಾಂಸನ ತಲೆ ಹೋಯಿತು. ಹಿಂದಿನ ಮಿಂಗ್ ವಂಶದವರ ಕಾಲಗಣನೆ ಬಳಸಿ ಇತಿಹಾಸ ಬರೆದದ್ದೇ ತಪ್ಪು. ಲೈಬ್ನಿಟ್ಸ್ ಆಗ ಬದುಕಿದ್ದ. ಅವನಿಗೆ ಚೀನಾ ಸಿಕ್ಕಿದ್ದು ಜೆಸ್ಯೂಟರ ಪತ್ರಗಳಿಂದ, ಅವರಿಗೆ ಆಸ್ಥಾನದ ಕೃಪೆ ಬೇಕಿತ್ತು. ಗೌರವ ಕೊಟ್ಟರೆ ಅರ್ಧ ಕೆಲಸ ಆಯಿತು, ಗೌರವ ಕೊಟ್ಟವರನ್ನೇ ಪ್ರಶ್ನಿಸುವುದು ಉಳಿದರ್ಧ ಅಂತ ಆಕೆಯ ನಿಲುವು. ಚೀನಾವನ್ನು ಟೀಕಿಸಿದರೆ ದ್ವೇಷ, ಮೆಚ್ಚಿದರೆ ಮರುಳು ಅನ್ನುವ ಈ ಕಾಲದಲ್ಲಿ ಇಂಥ ಮಾತು ಕೇಳಿ ಸಮಾಧಾನವಾಯಿತು.

ಆಮೇಲೆ ಬರುವುದು ಪಿತೃಪೂಜೆಯ ಜಗಳ. ಇಲ್ಲಿ ನಮ್ಮಂಥವರಿಗೆ ಹೇಳಲು ಸ್ವಲ್ಪ ಇದೆ. ಚೀನಾದ ಕ್ರೈಸ್ತರು ಹಿರಿಯರ ಫಲಕದ ಮುಂದೆ ಧೂಪ ಹಚ್ಚಿ ಎಡೆ ಇಡಬಹುದೇ? ಮೊದಲೇ ಚೀನಾಕ್ಕೆ ಹೋಗಿದ್ದ ಪಾದ್ರಿ ಮತ್ತೆಯೊ ರಿಚ್ಚಿಯ ದಾರಿ ಹಿಡಿದ ಜೆಸ್ಯೂಟರು ಇದು ಬರೀ ಮರ್ಯಾದೆ, ಧರ್ಮ ಅಲ್ಲ, ಇಡಲಿ ಬಿಡಿ ಅಂದರು. ಇನ್ನೊಂದು ಕ್ಯಾಥೊಲಿಕ್ ಪಂಥದ ಡೊಮಿನಿಕನ್ನರು ಇದು ವಿಗ್ರಹಾರಾಧನೆ ಅಂದರು. ಕಾಂಗ್ಸಿ 1692ರಲ್ಲಿ ಕ್ರೈಸ್ತರಿಗೆ ಅನುಮತಿ ಕೊಟ್ಟಿದ್ದ. ಪೋಪ್ ಹನ್ನೊಂದನೇ ಕ್ಲೆಮೆಂಟ್ 1704ರಲ್ಲಿ, ಮತ್ತೆ 1715ರಲ್ಲಿ ಆ ಆಚರಣೆಗಳನ್ನು ನಿಷೇಧಿಸಿದ. 1724ರಲ್ಲಿ ಮುಂದಿನ ಚಕ್ರವರ್ತಿ ಕ್ರೈಸ್ತ ಧರ್ಮವನ್ನೇ ನಿಷೇಧಿಸಿದ. ರೋಮ್ ತನ್ನ ನಿಲುವು ಸಡಿಲಿಸಿದ್ದು 1939ರಲ್ಲಿ.

ಮೇಷ್ಟ್ರು ಗುಂಪನ್ನು ಕೇಳಿದರು, ನಿಮ್ಮ ಪ್ರಕಾರ ಅದು ಧರ್ಮವೋ, ನಾಗರಿಕ ಪದ್ಧತಿಯೋ? ನಾನು ಬಾಯಿ ಹಾಕಿದೆ. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ, ಅವರಿಗೆ ಇಷ್ಟವಾದದ್ದನ್ನೇ ಮಾಡುತ್ತೇವೆ, ಒಬ್ಬ ಮಗ ನಂಬಿ ಇಡುತ್ತಾನೆ, ಇನ್ನೊಬ್ಬ ಅಮ್ಮ ಬೇಜಾರಾಗದಿರಲಿ ಅಂತ ಇಡುತ್ತಾನೆ, ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ, ಇದು ಇದೋ ಅದೋ ಅಂತ ಯಾರೂ ತೀರ್ಪು ಕೇಳುವುದಿಲ್ಲ ಅಂದೆ. ಆಕೆ ತಕ್ಷಣ ಷುನ್‌ಝಿಯನ್ನು ಮತ್ತೆ ತಂದರು. ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಅವನು ಇದನ್ನು ಹೇಳಿದ್ದಾನೆ. ಹಿರಿಯರ ಬಲಿಕರ್ಮವನ್ನು ತಿಳಿದವರು ಮನುಷ್ಯರ ಬಾಳಿನ ಮಾತು ಅಂದುಕೊಳ್ಳುತ್ತಾರೆ, ಜನಸಾಮಾನ್ಯರು ಸತ್ತವರ ಆತ್ಮದ ಮಾತು ಅಂದುಕೊಳ್ಳುತ್ತಾರೆ. ಕರ್ಮ ಒಂದೇ. ಯುರೋಪ್ ನೂರು ವರ್ಷ ಹಠ ಹಿಡಿದು ಕೇಳಿದ ಪ್ರಶ್ನೆಯನ್ನು ಅಲ್ಲಿಯವರು ಆ ರೂಪದಲ್ಲಿ ಕೇಳಿಕೊಂಡೇ ಇರಲಿಲ್ಲ. ಮೇಷ್ಟ್ರು ಪುಸ್ತಕ ತೆಗೆದು ಬರೆದುಕೊಂಡರು. ಎರಡು ಕಡೆಯವರೇ ಕೂತು ಮಾತಾಡಿದರೆ ಸಾಲದು, ಮೂರನೇ ಲೋಕದೃಷ್ಟಿ ಒಂದು ಪಕ್ಕದಲ್ಲಿರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಲ್ಲೇ. ಯುರೋಪಿನ ಚೀನಾ ಚರ್ಚೆಗಳಲ್ಲಿ ಆಫ್ರಿಕಾದವರು, ಭಾರತದವರು, ವಿಯೆಟ್ನಾಮಿನವರು ಇನ್ನೂ ಜಾಸ್ತಿ ಕೂರಬೇಕು.

ನಂತರ ಯುರೋಪಿನ ಆ ಗೌರವದ ಇಳಿಜಾರು. ಜರ್ಮನ್ ಚಿಂತಕ ಹರ್ಡರ್ 1787ರಲ್ಲಿ ಚೀನಾವನ್ನು ರೇಷ್ಮೆ ಸುತ್ತಿದ ಮಮ್ಮಿಗೆ ಹೋಲಿಸಿದ. ತತ್ವಶಾಸ್ತ್ರಜ್ಞ ಹೆಗೆಲ್ 1822ರಿಂದ ಬರ್ಲಿನ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಚೀನಾವನ್ನು ಇತಿಹಾಸದ ಆರಂಭದಲ್ಲೇ ನಿಂತುಹೋದ ದೇಶ ಮಾಡಿದ. ಮೇಷ್ಟ್ರು ಇದನ್ನು ಬೇಗ ಮುಗಿಸಿದರು, ಒಳ್ಳೆಯದೇ ಆಯಿತು. ಆದರೆ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಹೆಗೆಲ್ ಕೈಯಲ್ಲಿ ಲೈಬ್ನಿಟ್ಸ್‌ಗಿಂತ ಜಾಸ್ತಿ ಅನುವಾದಗಳಿದ್ದವು. ಪ್ಯಾರಿಸ್‌ನಲ್ಲಿ 1814ರಲ್ಲೇ ಚೀನೀ ಅಧ್ಯಯನಕ್ಕೆ ಪೀಠ ಬಂದಿತ್ತು. ಮಾಹಿತಿ ಹೆಚ್ಚಾಗುತ್ತಾ ಹೋಯಿತು, ಕೇಳುವ ಮನಸ್ಸು ಕಡಿಮೆಯಾಗುತ್ತಾ ಹೋಯಿತು. ಈಗಲೂ ಯುರೋಪಿಯನ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಬ್ಯಾಟರಿ, ಬಂದರು, ಚಿಪ್‌ಗಳ ಬಗ್ಗೆ ವರದಿಗಳ ರಾಶಿ ಇದೆ, ಅದು ಬೇಕು ಕೂಡ. ಆ ವರದಿ ಬರೆಯುವವರ ಮೇಜಿನ ಮೇಲೆ ಮೆನ್ಸಿಯಸ್ ಕೂಡ ಇರಬೇಕು ಅನ್ನುವುದು ನನ್ನ ಆಸೆ.

ಉದ್ಯಾನದ ಕಾಲುವೆಯ ಮೇಲೊಂದು ಸಣ್ಣ ಸೇತುವೆ ಇದೆ. ಅಲ್ಲಿ ನಿಂತು ಆಕೆ ಪ್ರಾಚೀನ ಚೀನಾದ ಚಿಂತಕ ಝುವಾಂಗ್‌ಝಿಯ ಮೀನಿನ ಪ್ರಸಂಗ ಹೇಳುತ್ತಾರೆ. ಮೀನುಗಳು ಎಷ್ಟು ಸುಖವಾಗಿವೆ ನೋಡು ಅಂತ ಝುವಾಂಗ್‌ಝಿ ಅನ್ನುತ್ತಾನೆ. ನೀನು ಮೀನಲ್ಲ, ನಿನಗೆ ಹೇಗೆ ಗೊತ್ತು ಅಂತ ಗೆಳೆಯ ಹುಯಿಝಿ. ನೀನು ನಾನಲ್ಲ, ನನಗೆ ಗೊತ್ತಿಲ್ಲ ಅಂತ ನಿನಗೆ ಹೇಗೆ ಗೊತ್ತು ಅಂತ ಝುವಾಂಗ್‌ಝಿ. ಕೊನೆಗೆ ಅವನು ಹೇಳುವುದು, ಇಲ್ಲಿ ಸೇತುವೆಯ ಮೇಲೆ ನಿಂತು ನನಗೆ ಗೊತ್ತಾಯಿತು ಅಂತ. ಇದನ್ನಿಟ್ಟುಕೊಂಡು ಇಬ್ಬರೂ ಗೈಡ್‌ಗಳು ವಾದಕ್ಕಿಳಿದರು. ಮೇಷ್ಟ್ರು ಫ್ರೆಂಚ್ ತತ್ವಶಾಸ್ತ್ರಜ್ಞ ಫ್ರಾನ್ಸ್ವಾ ಜೂಲಿಯೆನ್ ಕಡೆ. ಚೀನಾದ ಚಿಂತನೆ ಯುರೋಪಿನಿಂದ ದೂರದಲ್ಲಿ, ಬೇರೆಯಾಗಿ ಬೆಳೆದದ್ದು, ಅಲ್ಲಿ ತನಕ ಹೋಗಿ ತಿರುಗಿ ನೋಡಿದರೆ ನಾವು ಯಾವುದನ್ನು ಯೋಚಿಸದೇ ಬಿಟ್ಟೆವು ಅಂತ ಕಾಣುತ್ತದೆ. ಆಕೆ ಸ್ವಿಸ್ ವಿದ್ವಾಂಸ ಜಾನ್ ಫ್ರಾನ್ಸ್ವಾ ಬಿಲ್ಲೆಟರ್ ಕಡೆ. ಅವರು 2006ರಲ್ಲಿ ಜೂಲಿಯೆನ್ ವಿರುದ್ಧ ಪುಸ್ತಕವನ್ನೇ ಬರೆದರು. ಚೀನಾ ಪೂರ್ತಿ ಬೇರೆ ಅನ್ನುವ ಕಲ್ಪನೆಯೇ ಅಪಾಯ, ಅದರಿಂದ ಅಲ್ಲಿನ ಅಧಿಕಾರಕ್ಕೆ ಅನುಕೂಲ, ಮನುಷ್ಯರ ಸಮಾನ ಅನುಭವದಿಂದ ಶುರು ಮಾಡಿ ಅನ್ನುವುದು ಅವರ ವಾದ. "ನನ್ನ ಅಜ್ಜಿ ನಿಮ್ಮ ಕನ್ನಡಿ ಆಗಲು ಹುಟ್ಟಿದವಳಲ್ಲ" ಅಂತ ಆಕೆ ಮೇಷ್ಟ್ರಿಗೆ ನೇರವಾಗಿ ಹೇಳಿದರು. ನಾನು ಆಕೆಯ ಕಡೆಗೇ. ಆದರೂ ಮೇಷ್ಟ್ರ ಮಾತಿನಲ್ಲಿ ತೂಕ ಇತ್ತು. ಬೇರೆತನವನ್ನು ಬೇಗ ಒರೆಸಿಹಾಕಿದರೆ ಮತ್ತೆ ಚಿನ್ನದ ಬೊಂಬೆಗೆ ನಮ್ಮ ಮುಖವೇ ಬರುತ್ತದೆ.

ಕೊನೆಯ ನಿಲುಗಡೆ ಡ್ರ್ಯಾಗನ್ ಹೌಸ್. 1770ರಿಂದ 1772ರೊಳಗೆ ಕಟ್ಟಿದ್ದು, ಪಗೋಡ ಆಕಾರ, ಛಾವಣಿಯ ಮೂಲೆಗಳಲ್ಲಿ ಡ್ರ್ಯಾಗನ್‌ಗಳು. ಇಲ್ಲಿ ಇವತ್ತಿನ ವಿಷಯ ಬರುತ್ತದೆ. ಯುರೋಪಿಯನ್ ಒಕ್ಕೂಟ 2019ರ ಮಾರ್ಚ್‌ನಲ್ಲಿ ಚೀನಾವನ್ನು ಪಾಲುದಾರ, ಸ್ಪರ್ಧಿ, ವ್ಯವಸ್ಥೆಯ ಮಟ್ಟದ ಎದುರಾಳಿ ಅಂತ ಒಂದೇ ಉಸಿರಿನಲ್ಲಿ ಕರೆದದ್ದು. ಮಾವೋ ಕಾಲದಲ್ಲಿ, 1974ರಲ್ಲಿ, ಕನ್ಫ್ಯೂಷಿಯಸ್ ವಿರುದ್ಧ ಅಭಿಯಾನ ನಡೆಸಿದ ಅದೇ ಪಕ್ಷದ ನಾಯಕ ಷಿ ಜಿನ್‌ಪಿಂಗ್ 2014ರಲ್ಲಿ ಕನ್ಫ್ಯೂಷಿಯಸ್ ಜನ್ಮದಿನದ ಸಭೆಯಲ್ಲಿ ಭಾಷಣ ಮಾಡಿದ್ದು. ಝಾವೋ ತಿಂಗ್‌ಯಾಂಗ್ ಎಂಬ ಚಿಂತಕ ಇಡೀ ಭೂಮಿಗೆ ಹೊರಗಿನವರೇ ಇಲ್ಲದ ಒಂದು ವ್ಯವಸ್ಥೆ ಬೇಕು ಅಂತ ಹಳೇ ಚೀನೀ ಕಲ್ಪನೆಯಿಂದ ವಾದ ಕಟ್ಟಿದ್ದು, ಅದು ಸಾಮ್ರಾಜ್ಯದ ಆಸೆಗೆ ಹೊಸ ಬಟ್ಟೆ ಅಂತ ಬೇರೆಯವರು ಟೀಕಿಸಿದ್ದು. ಎಲ್ಲವೂ ಬೇಕಾದ ವಿಷಯ. ಆದರೆ ಇಪ್ಪತ್ತು ನಿಮಿಷದಲ್ಲಿ ಮುಗಿಸಿಬಿಟ್ಟರು. ನನ್ನ ಮೊದಲ ದೂರು ಇದೇ. ಲೈಬ್ನಿಟ್ಸ್‌ಗೆ ಕೊಟ್ಟ ಹೊತ್ತಿನಲ್ಲಿ ಅರ್ಧ ಇಲ್ಲಿಗೆ ಕೊಡಬೇಕಿತ್ತು. ಟಿಬೆಟ್, ಉಯಿಗುರ್ ಜನರ ಪ್ರಶ್ನೆಯನ್ನು ಗುಂಪಿನವರೇ ಕೇಳಿದ ಮೇಲೆ ಎತ್ತಿಕೊಂಡರು. ಆಕೆ ಉತ್ತರ ಪ್ರಾಮಾಣಿಕವಾಗಿಯೇ ಕೊಟ್ಟರು, ಚೀನಾ ಅಂದರೆ ಒಂದೇ ಲೋಕದೃಷ್ಟಿ ಅನ್ನುವವರು ಬೀಜಿಂಗ್‌ನಲ್ಲೂ ಇದ್ದಾರೆ, ಬರ್ಲಿನ್‌ನಲ್ಲೂ ಇದ್ದಾರೆ, ಇಬ್ಬರೂ ತಪ್ಪು ಅಂದರು. ಆದರೆ ಇದು ಅವಸರದಲ್ಲಿ ಹೇಳುವ ಮಾತಲ್ಲ.

ಎರಡನೇ ದೂರು ಬೌದ್ಧ ಚಿಂತನೆಯದು. ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಬೇರೆ ನಾಗರಿಕತೆಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಅಂತ ಯುರೋಪ್ ಕಲಿಯಬೇಕಾದರೆ ಚೀನಾ ಭಾರತವನ್ನು ಕಲಿತ ಕಥೆಯೇ ದೊಡ್ಡ ಪಾಠ. ಹ್ಯೂಯೆನ್‌ತ್ಸಾಂಗ್ ಸುಮಾರು 629ರಲ್ಲಿ ಹೊರಟು ನಳಂದದಲ್ಲಿ ಕೂತು ಓದಿ, 645ರಲ್ಲಿ 657 ಗ್ರಂಥಗಳ ಜೊತೆ ಮರಳಿ, ಉಳಿದ ಆಯಸ್ಸನ್ನೆಲ್ಲ ಅನುವಾದಕ್ಕೇ ಕೊಟ್ಟ. ನಮ್ಮ ಇಮ್ಮಡಿ ಪುಲಕೇಶಿಯ ನಾಡಿಗೂ ಬಂದು, ಇಲ್ಲಿಯವರು ಉಪಕಾರ ಮರೆಯುವುದಿಲ್ಲ, ಅವಮಾನ ಸಹಿಸುವುದಿಲ್ಲ ಅಂತ ಬರೆದಿಟ್ಟ. ಶಾಲೆಯಲ್ಲಿ ನಾವೆಲ್ಲ ಇದನ್ನು ಓದಿದ್ದೇವೆ. ಇದನ್ನು ನಡಿಗೆಗೆ ಸೇರಿಸಿ ಅಂತ ಇಬ್ಬರಿಗೂ ಬರೆದಿದ್ದೇನೆ. ನೋಡೋಣ ಅಂತ ಉತ್ತರ ಬಂದಿದೆ.

ಸಣ್ಣಪುಟ್ಟದ್ದು: ಕೊಡುವ ಹಾಳೆ ಜರ್ಮನ್ ಮತ್ತು ಇಂಗ್ಲಿಷ್‌ನಲ್ಲಿ ಇದೆ, ಅಕ್ಷರ ತೀರಾ ಚಿಕ್ಕದು. ಮಾತು ಇಂಗ್ಲಿಷ್‌ನಲ್ಲೇ, ಮೇಷ್ಟ್ರು ಜೋಶ್ ಬಂದಾಗ ಜರ್ಮನ್‌ಗೆ ಜಾರುತ್ತಾರೆ, ಕೇಳಿದರೆ ಮತ್ತೆ ಹೇಳುತ್ತಾರೆ. ಮೂರು ಗಂಟೆಯಲ್ಲಿ ಶೌಚಾಲಯಕ್ಕೆ ಒಂದೇ ಬಿಡುವು, ವಯಸ್ಸಾದವರನ್ನು ಕರೆದೊಯ್ಯುವವರು ಗಮನಿಸಿ. ಸಣ್ಣ ಮಕ್ಕಳಿಗೆ ಬೇಜಾರಾಗುತ್ತದೆ, ಕಾಲೇಜು ಮಕ್ಕಳಿಗೆ ಧಾರಾಳವಾಗಿ ಹೇಳಬಹುದು. ತತ್ವಶಾಸ್ತ್ರ ಮೊದಲೇ ಓದಿರಬೇಕು ಅಂತೇನಿಲ್ಲ.

ಬರ್ಲಿನ್‌ನಿಂದ ಎಸ್7 ರೈಲಿನಲ್ಲಿ ಪಾಟ್ಸ್‌ಡಾಮ್‌ಗೆ ಬನ್ನಿ, ಎಬಿಸಿ ವಲಯದ ಟಿಕೆಟ್ ಬೇಕು. ಚೀನೀ ಮನೆಯ ಒಳಗೂ ನೋಡಬೇಕಾದರೆ ಮೇಯಿಂದ ಅಕ್ಟೋಬರ್ ಒಳಗೆ ಬನ್ನಿ, ಸೋಮವಾರ ಬೇಡ, ಮುಚ್ಚಿರುತ್ತದೆ. ನಡಿಗೆಯ ಟಿಕೆಟ್‌ನಲ್ಲಿ ಒಳಗಿನ ಪ್ರವೇಶ ಸೇರಿಲ್ಲ. ಗುಂಪು ಚಿಕ್ಕದು, ಮುಂಚೆಯೇ ಬುಕ್ ಮಾಡಿ. ವಿವರ ಬೇಕಾದವರು ನನಗೆ ಮೆಸೇಜ್ ಮಾಡಿ, ಕಳಿಸುತ್ತೇನೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಬೌದ್ಧರನ್ನು ಸೇರಿಸಿಕೊಂಡ ದಿನ ಪೂರ್ತಿ ಐದು.